ಸೊಟ್ಟ ಬೈತಲೆ, ಎರಡು ಜಡೆ: ಸಂಗಾತಿಯ ಮಗುವಿನ ಕಥೆ ಸಿನಿಮಾ ಆಗುವ ಬಗೆ

ಗಂಡನ ಅಥವಾ ಹೆಂಡತಿಯ ಮೊದಲ ಮದುವೆಯ ಮಗು, ಆ ಮನೆಗೆ ಹೊಸದಾಗಿ ಕಾಲಿಟ್ಟ ದೊಡ್ಡವರು, ಇಬ್ಬರ ನಡುವೆ ನಿಧಾನಕ್ಕೆ ಹುಟ್ಟುವ ಸಲಿಗೆ. ನಗಿಸುತ್ತಲೇ ಕಣ್ಣು ಒದ್ದೆ ಮಾಡುವ ಇಂಥ ಕಥೆ ಬರೆಯಲು ಕೂತವರು ಮೊದಲು ನೋಡಬೇಕಾದ್ದು 1998ರ ‘ಸ್ಟೆಪ್‌ಮಾಮ್’. ಅದು ಲೋಪವಿಲ್ಲದ ಸಿನಿಮಾ ಅಂತಲ್ಲ. ಈ ಬಗೆಯ ಕಥೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಅಡ್ಡದಾರಿ ಹಿಡಿಯುತ್ತದೆ ಅನ್ನೋದು ಅದೊಂದರಲ್ಲೇ ಸ್ಪಷ್ಟವಾಗಿ ಕಾಣುತ್ತದೆ.

ನಿರ್ದೇಶಕ ಕ್ರಿಸ್ ಕೊಲಂಬಸ್. ಐದು ವರ್ಷ ಮುಂಚೆ, 1993ರಲ್ಲಿ, ಇವರೇ ‘ಮಿಸೆಸ್ ಡೌಟ್‌ಫೈರ್’ ಮಾಡಿದ್ದರು. ಅಲ್ಲಿ ಕಥೆ ವಿಚ್ಛೇದನ ಪಡೆದ ಅಪ್ಪನ ಕಣ್ಣಿಂದ ನಡೆಯುತ್ತದೆ. ಹೆಂಡತಿಯ ಬದುಕಿಗೆ ಬಂದ ಹೊಸ ಗಂಡಸು, ಪಿಯರ್ಸ್ ಬ್ರಾಸ್ನನ್ ಮಾಡಿದ ಪಾತ್ರ, ಅಪ್ಪನ ಪಾಲಿಗೆ ಎದುರಾಳಿ. ಅವನು ಒಳ್ಳೆಯವನೇ, ಆದರೆ ಅವನ ಕಡೆಯಿಂದ ಕಥೆ ಹೇಳುವವರು ಯಾರೂ ಇಲ್ಲ. ‘ಸ್ಟೆಪ್‌ಮಾಮ್’ನಲ್ಲಿ ಅದೇ ಜಾಗಕ್ಕೆ ಬಂದವಳು ನಾಯಕಿ. ಇಸಾಬೆಲ್ ಆಗಿ ಜೂಲಿಯಾ ರಾಬರ್ಟ್ಸ್, ಮಕ್ಕಳ ತಾಯಿ ಜ್ಯಾಕಿಯಾಗಿ ಸೂಸನ್ ಸರಂಡನ್, ನಡುವೆ ಮಕ್ಕಳ ಅಪ್ಪನಾಗಿ ಎಡ್ ಹ್ಯಾರಿಸ್. ಮಕ್ಕಳು ಆನಾ ಮತ್ತು ಬೆನ್. ಇಸಾಬೆಲ್ ಫ್ಯಾಷನ್ ಫೋಟೋಗ್ರಾಫರ್. ಕ್ಯಾಮೆರಾ ಹಿಂದೆ ಎಲ್ಲರನ್ನೂ ಹೇಳಿದಂತೆ ನಿಲ್ಲಿಸಬಲ್ಲವಳು, ಬೆಳಿಗ್ಗೆ ಇಬ್ಬರು ಮಕ್ಕಳನ್ನು ಶಾಲೆಗೆ ಹೊರಡಿಸಲಾರಳು. ಸಿನಿಮಾದ ನಗುವೆಲ್ಲ ಈ ಒಂದು ಅಂತರದಿಂದ ಹುಟ್ಟುತ್ತದೆ.

ಬರೆಯುವವರು ಗಮನಿಸಬೇಕಾದ ಮೊದಲ ಸಂಗತಿಯೂ ಇದೇ. ಬಂದವರು ಕೆಟ್ಟವರಾಗಿರಬೇಕಿಲ್ಲ, ದಡ್ಡರೂ ಆಗಿರಬೇಕಿಲ್ಲ. ಹೊರಗೆ ಜಾಣರಾಗಿದ್ದು ಆ ಮನೆಯ ಕಾನೂನು ಗೊತ್ತಿಲ್ಲದವರಾಗಿದ್ದರೆ ಸಾಕು. ಪ್ರತಿ ಮನೆಗೂ ಬರೆಯದ ಕಾನೂನು ಇರುತ್ತದಲ್ಲ: ಯಾವ ಲೋಟ ಯಾರದ್ದು, ಮೊಸರನ್ನಕ್ಕೆ ಸಾಸಿವೆ ಒಗ್ಗರಣೆ ಇರಬೇಕೋ ಬೇಡವೋ, ಮಲಗುವಾಗ ಬಚ್ಚಲಿನ ಲೈಟು ಉರಿಯುತ್ತಿರಬೇಕೋ ಆರಿಸಬೇಕೋ. ಸ್ಕ್ರಿಪ್ಟ್ ಶುರು ಮಾಡುವ ಮುಂಚೆ ಒಂದು ಹಾಳೆಯಲ್ಲಿ ಇಂಥ ಇಪ್ಪತ್ತು ಕಾನೂನು ಬರೆದಿಟ್ಟುಕೊಳ್ಳಿ. ಸಿನಿಮಾದಲ್ಲಿ ಆರೇಳು ಬಳಕೆಯಾದರೆ ಹೆಚ್ಚು. ಉಳಿದವು ಬರೆಯುವವರ ತಲೆಯಲ್ಲಿದ್ದರೆ ಆ ಮನೆ ನಿಜವಾದ ಮನೆಯಂತೆ ಕಾಣುತ್ತದೆ.

ಎರಡನೆಯದು ಇನ್ನೂ ಮುಖ್ಯ. ಮಗುವಿನ ವಿರೋಧ ಬಂದವರ ಮೇಲಿನ ದ್ವೇಷದಿಂದ ಹುಟ್ಟಿದ್ದಲ್ಲ, ಹೋದವರ ಮೇಲಿನ ನಿಷ್ಠೆಯಿಂದ ಹುಟ್ಟಿದ್ದು. ಇವಳನ್ನು ಇಷ್ಟಪಟ್ಟರೆ ಅಮ್ಮನಿಗೆ ಮೋಸ ಮಾಡಿದಂತೆ ಎಂಬ ಲೆಕ್ಕ ಮಗುವಿನದ್ದು. ‘ಸ್ಟೆಪ್‌ಮಾಮ್’ನಲ್ಲಿ ಪುಟ್ಟ ಬೆನ್ ಒಮ್ಮೆ ತಾಯಿಗೆ ಹೇಳುತ್ತಾನೆ, ನೀನು ಬೇಕು ಅಂದರೆ ಅವಳನ್ನು ದ್ವೇಷಿಸುತ್ತೇನೆ ಅಂತ. ಆ ಒಂದು ಮಾತಿನಲ್ಲಿ ಇಡೀ ಕಥೆ ಇದೆ. ಹುಡುಗನಿಗೆ ಇಸಾಬೆಲ್ ಇಷ್ಟವಾಗಿದ್ದಾಳೆ, ಅದಕ್ಕೆ ಅಪ್ಪಣೆ ಬೇಕಾಗಿದೆ ಅಷ್ಟೆ. ಅಪ್ಪಣೆ ಕೊಡಬೇಕಾದವಳಿಗೆ ಮನಸ್ಸಿಲ್ಲ. ಹೀಗಾಗಿ ಬಂದವರು ಮತ್ತು ಮಗುವಿನ ನಡುವಿನ ಕಥೆಯ ಬೀಗದ ಕೈ ಮೂರನೆಯವರ ಹತ್ತಿರ ಇರುತ್ತದೆ. ನಮ್ಮಲ್ಲಿ ಓಡಾಡುವ ಎಷ್ಟೋ ಸ್ಕ್ರಿಪ್ಟುಗಳಲ್ಲಿ ಆ ಮೂರನೆಯವರು ಗೋಡೆ ಮೇಲಿನ ಹಾರ ಹಾಕಿದ ಫೋಟೋ ಆಗಿಬಿಟ್ಟಿರುತ್ತಾರೆ. ಫೋಟೋಗೆ ಅಸೂಯೆ ಆಗೋದಿಲ್ಲ. ತಾಯಿ ತೀರಿಕೊಂಡಿದ್ದರೆ ಆ ನಿಷ್ಠೆಯನ್ನು ಕಾಯುವ ಬದುಕಿರುವ ಒಂದು ಪಾತ್ರ ಬೇಕೇ ಬೇಕು: ಅಜ್ಜಿ, ಸೋದರಮಾವ, ಇಲ್ಲವೇ ತಾಯಿಯ ಕಾಲದಿಂದ ಕೆಲಸಕ್ಕೆ ಬರುವ ಹೆಂಗಸು.

ಇನ್ನು ಏಳುಬೀಳು. ಇಸಾಬೆಲ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಶೂಟಿಂಗ್ ಮಾಡುವಾಗ ಬೆನ್‌ನನ್ನೂ ಕರೆದುಕೊಂಡು ಹೋಗುತ್ತಾಳೆ. ಹುಡುಗ ತಪ್ಪಿಸಿಕೊಳ್ಳುತ್ತಾನೆ. ಸಿಗುತ್ತಾನೆ ಅಂತ ನೋಡುವವರಿಗೆ ಗೊತ್ತು, ಆದರೂ ಎದೆ ಹೊಡೆದುಕೊಳ್ಳುತ್ತದೆ. ಇದು ತಮಾಷೆಯ ತಪ್ಪಲ್ಲ, ತಾಯಿಯ ಸಿಟ್ಟಿಗೆ ನಿಜವಾದ ಕಾರಣ ಕೊಡುವ ತಪ್ಪು. ಹಾಲು ಉಕ್ಕಿಸುವುದು, ಯೂನಿಫಾರ್ಮಿಗೆ ಬಣ್ಣ ಹತ್ತಿಸುವುದು ಇವೆಲ್ಲ ನಗಿಸಲು ಚೆಂದ. ಅವಷ್ಟೇ ಇದ್ದರೆ ವಿರೋಧಿಸುವವರೆಲ್ಲ ಸುಮ್ಮನೆ ಜಗಳಗಂಟರಂತೆ ಕಾಣುತ್ತಾರೆ. ಮೊದಲ ಅರ್ಧ ಮುಗಿಯುವುದರೊಳಗೆ ಒಂದಾದರೂ ತಪ್ಪು ಕ್ಷಮಿಸಲು ಕಷ್ಟವಾಗುವಂಥದ್ದಿರಲಿ.

ಆಮೇಲೆ ಗುಟ್ಟು. ಶಾಲೆಯಲ್ಲಿ ಒಬ್ಬ ಹುಡುಗ ಆನಾಳನ್ನು ಅವಮಾನ ಮಾಡಿದಾಗ ತಾಯಿ ಸೈರಣೆಯ ಮಾತು ಹೇಳುತ್ತಾಳೆ. ಇಸಾಬೆಲ್ ತಿರುಗೇಟಿನ ದಾರಿ ಹೇಳಿಕೊಡುತ್ತಾಳೆ, ತನ್ನ ಪರಿಚಯದ ಒಬ್ಬ ಮಾಡೆಲ್‌ನನ್ನು ಆನಾಳ ಗೆಳೆಯನಂತೆ ಶಾಲೆಗೂ ಕಳಿಸುತ್ತಾಳೆ. ಉಪಾಯ ಫಲಿಸುತ್ತದೆ, ಹುಡುಗಿ ಕುಣಿದಾಡುತ್ತಾಳೆ, ತಾಯಿ ಕೆಂಡವಾಗುತ್ತಾಳೆ. ಯಾರದ್ದು ಸರಿ? ಇಬ್ಬರದ್ದೂ. ಇಂಥ ಸೀನು ಬರೆಯುವಾಗ ತಾಯಿಯ ವಾದವೇ ಒಂದು ತೂಕ ಹೆಚ್ಚಿರುವಂತೆ ನೋಡಿಕೊಳ್ಳಿ. ಪ್ರೇಕ್ಷಕರು ಹೇಗೂ ಗೆದ್ದವಳ ಕಡೆ ವಾಲುತ್ತಾರೆ.

ಈ ಸಿನಿಮಾದ ಅಡ್ಡದಾರಿ ಯಾವುದು? ಕಾಯಿಲೆ. ಜ್ಯಾಕಿಗೆ ಕ್ಯಾನ್ಸರ್ ಬರುತ್ತದೆ. ಆ ಕ್ಷಣದಿಂದ ಮಕ್ಕಳು ಇಸಾಬೆಲ್‌ಳನ್ನು ಒಪ್ಪಿಕೊಳ್ಳುವುದು ಆಯ್ಕೆಯಾಗಿ ಉಳಿಯುವುದಿಲ್ಲ, ಅನಿವಾರ್ಯವಾಗುತ್ತದೆ. ಒಬ್ಬರನ್ನು ಕಥೆಯಿಂದ ಹೊರಗೆ ಕಳಿಸಿ ಇನ್ನೊಬ್ಬರಿಗೆ ಜಾಗ ಮಾಡಿಕೊಡುವುದು ಬರಹಗಾರರ ಅನುಕೂಲ. ಐವರು ಸೇರಿ ಬರೆದ ಚಿತ್ರಕಥೆ ಇದು, ಆ ಐವರಲ್ಲಿ ಒಬ್ಬರಾದರೂ ತಾಯಿ ಬದುಕೇ ಇದ್ದು ಇಬ್ಬರೂ ಮುಂದಿನ ಹತ್ತು ವರ್ಷ ಪೇರೆಂಟ್ಸ್ ಮೀಟಿಂಗಿನಲ್ಲಿ ಅಕ್ಕಪಕ್ಕ ಕೂರುವ ಕಥೆ ಬರೆಯಬಹುದಿತ್ತು. ಅದೇ ಕಷ್ಟದ ಕಥೆ, ಅದರಲ್ಲೇ ಹೆಚ್ಚು ನಗುವೂ ಇತ್ತು. ಇನ್ನೊಂದು ಕೊರತೆ ಅಪ್ಪ. ಹೆಂಗಸರಿಬ್ಬರ ನಡುವಿನ ಬಹುಪಾಲು ಗುದ್ದಾಟದ ಹೊತ್ತಿಗೆ ಆಸಾಮಿ ಕೆಲಸದಲ್ಲಿರುತ್ತಾನೆ. 2010ರಲ್ಲಿ ಇದರ ಹಿಂದಿ ರೂಪ ‘ವಿ ಆರ್ ಫ್ಯಾಮಿಲಿ’ ಬಂತು. ಕಾಜೋಲ್, ಕರೀನಾ ಕಪೂರ್, ಅರ್ಜುನ್ ರಾಂಪಾಲ್. ಮಕ್ಕಳು ಎರಡಿದ್ದದ್ದು ಮೂರಾಯಿತು, ಕಾಯಿಲೆ ಅಲ್ಲೂ ಉಳಿಯಿತು.

ಕನ್ನಡದಲ್ಲಿ ಈ ದಾರಿ ಹೊಸದೇನಲ್ಲ. 1980ರಲ್ಲಿ ಲಕ್ಷ್ಮಿ ನಿರ್ದೇಶಿಸಿ, ವಿಷ್ಣುವರ್ಧನ್ ಜೊತೆ ತಾವೇ ನಟಿಸಿದ ‘ಮಕ್ಕಳ ಸೈನ್ಯ’ದ ಮೂಲ ಎಳೆ 1968ರ ಅಮೆರಿಕನ್ ಹಾಸ್ಯಚಿತ್ರ ‘ಯುವರ್ಸ್, ಮೈನ್ ಅಂಡ್ ಅವರ್ಸ್’ನದ್ದು. ಮೂಲದಲ್ಲಿ ವಿಧುರನಿಗೆ ಹತ್ತು ಮಕ್ಕಳು, ವಿಧವೆಗೆ ಎಂಟು. ಮಕ್ಕಳು ಅಷ್ಟಾದಾಗ ಹಾಸ್ಯ ಎಣಿಕೆಯಿಂದಲೇ ಬರುತ್ತದೆ: ಬಾತ್‌ರೂಮಿನ ಸರದಿ, ಊಟದ ಪಂಕ್ತಿ, ಹೆಸರು ತಪ್ಪುವುದು. ಆದರೆ ಒಂದು ಮಗುವಿನ ಒಳಗೆ ಇಳಿಯಲು ಪುರಸೊತ್ತಿರುವುದಿಲ್ಲ. ನಂಟು ಬೆಳೆಯುವುದೇ ವಿಷಯವಾದರೆ ಒಂದು ಮಗು, ಹೆಚ್ಚೆಂದರೆ ಎರಡು.

ನಮ್ಮ ಊರಲ್ಲಿ ನಡೆಯುವ ಕಥೆಯಾದರೆ ಭಾಷೆಯೇ ಒಂದು ಆಯುಧ. ‘ಮಲತಾಯಿ’ ಎಂಬ ಮಾತನ್ನು ಮನೆಯೊಳಗೆ ಯಾರೂ ಆಡುವುದಿಲ್ಲ. ಅದು ಉಳಿದಿರುವುದು ಅಜ್ಜಿಕಥೆಯಲ್ಲಿ ಮತ್ತು ‘ಕೇಂದ್ರದ ಮಲತಾಯಿ ಧೋರಣೆ’ ಎನ್ನುವ ಪತ್ರಿಕೆ ತಲೆಬರಹದಲ್ಲಿ. ಮಗು ಕರೆಯುವುದು ಚಿಕ್ಕಮ್ಮ ಎಂದು. ಅಮ್ಮನ ತಂಗಿಯೂ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ, ಅಪ್ಪನ ಎರಡನೇ ಹೆಂಡತಿಯೂ ಚಿಕ್ಕಮ್ಮ. ಊರಿನವರೆದುರು ಮರ್ಯಾದೆ ಉಳಿಸುವ ಪದ. ಮದುವೆಗೆ ಮುಂಚೆ ‘ಆಂಟಿ’. ನಡುವೆ ಒಂದು ಘಟ್ಟ ಬರುತ್ತದೆ, ಆಗ ಮಗು ಏನೂ ಕರೆಯುವುದಿಲ್ಲ. ಎದುರಿಗೆ ಬಂದು ನಿಂತು ‘ಇಲ್ನೋಡಿ’, ‘ಒಂದ್ನಿಮಿಷ’ ಅಂತಲೇ ಮಾತು ಶುರು ಮಾಡುತ್ತದೆ. ಡೈಲಾಗ್ ಬರೆಯುವವರು ಈ ಹೆಸರಿಲ್ಲದ ಘಟ್ಟಕ್ಕೆ ಕನಿಷ್ಠ ಎಂಟು ಹತ್ತು ಸೀನು ಕೊಡಬೇಕು.

ಅದಕ್ಕಿಂತ ಚೂಪಾದದ್ದು ನೀವು, ನೀನು. ಬಹುಪಾಲು ಕನ್ನಡದ ಮನೆಗಳಲ್ಲಿ ಅಮ್ಮನಿಗೆ ಯಾವತ್ತೂ ‘ನೀನು’. ಬಂದವಳಿಗೆ ‘ನೀವು’, ಕಲಿಸಿಕೊಟ್ಟ ಗೌರವ. ಆ ಗೌರವವೇ ಬಾಗಿಲ ಚಿಲಕ. ‘ಬನ್ನಿ’ ಎನ್ನುತ್ತಿದ್ದ ಮಗು ಯಾವುದೋ ಗಡಿಬಿಡಿಯಲ್ಲಿ ‘ಬಾ’ ಎಂದುಬಿಟ್ಟರೆ ಚಿಲಕ ಸರಿದಂತೆ. ಧಾರವಾಡದ ಕಡೆಯಾದರೆ ‘ಬರ್ರಿ’ ಹೋಗಿ ‘ಬಾ’. ಇಂಗ್ಲಿಷ್ ಸಿನಿಮಾಗೆ ಈ ಸೌಲಭ್ಯವಿಲ್ಲ. ನಮಗಿದ್ದೂ ಹಾಳುಮಾಡುವುದು ಹೀಗೆ: ಆ ‘ಬಾ’ ಬಿದ್ದ ಕೂಡಲೇ ಹಿನ್ನೆಲೆ ಸಂಗೀತ ಏರುತ್ತದೆ, ನಟಿ ಕಣ್ಣು ತುಂಬಿಕೊಂಡು ನಿಲ್ಲುತ್ತಾಳೆ, ಅಪ್ಪ ಬಾಗಿಲಲ್ಲಿ ನಿಂತು ನಗುತ್ತಾನೆ. ಯಾರೂ ಗಮನಿಸಬಾರದು. ಥಿಯೇಟರಿನಲ್ಲಿ ಕೂತವರಿಗೆ ಕಿವಿ ಇದೆ.

ಕಾನೂನಿನ ಒಂದು ಸೂಕ್ಷ್ಮವೂ ಸೀನಿಗೆ ಒದಗುತ್ತದೆ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್ ಸಹಜ ಪೋಷಕರು ಯಾರೆಂದು ಹೇಳುವಾಗ, ಅಪ್ಪ ಅಮ್ಮ ಎಂಬ ಪದಗಳಲ್ಲಿ ಮಲತಂದೆ ಮಲತಾಯಿ ಸೇರುವುದಿಲ್ಲ ಎಂದು ಬಿಡಿಸಿ ಹೇಳುತ್ತದೆ. ಮದುವೆಯಾದರೂ ಅಷ್ಟೆ. ಶಾಲೆಯ ಪ್ರವಾಸದ ಒಪ್ಪಿಗೆ ಪತ್ರ ಹಿಡಿದು, ಪೆನ್ನು ತೆಗೆದು, ‘ಪೋಷಕರ ಸಹಿ’ ಎಂದಿರುವ ಗೆರೆಯ ಮೇಲೆ ಕೈ ನಿಲ್ಲುವ ಹತ್ತು ಸೆಕೆಂಡು. ಸಂಭಾಷಣೆ ಬೇಡ.

ಈಗ ಜಡೆ. ಮೂರು ಸಲ ಮರಳುವ ಒಂದೇ ಕೆಲಸ ಇಂಥ ಸಿನಿಮಾದ ಬೆನ್ನೆಲುಬು ಆಗಬಲ್ಲದು, ಅದಕ್ಕೆ ಜಡೆಗಿಂತ ಒಳ್ಳೆಯದು ಸಿಗುವುದು ಕಷ್ಟ. ಒಬ್ಬರು ಇನ್ನೊಬ್ಬರಿಗೆ ಬೆನ್ನು ಕೊಟ್ಟು ಕೂರಬೇಕು, ಮುಟ್ಟಬೇಕು, ನೋವೂ ಆಗಬಹುದು. ಹುಡುಗಿಗೆ ಒಂಬತ್ತು ವರ್ಷ ಎಂದಿಟ್ಟುಕೊಳ್ಳಿ. ಶಾಲೆಯಲ್ಲಿ ಎರಡು ಜಡೆ, ಕಪ್ಪು ರಿಬ್ಬನ್ ಕಡ್ಡಾಯ.

ಮೊದಲ ಸಲ, ಹನ್ನೆರಡನೇ ನಿಮಿಷದ ಆಸುಪಾಸು. ಬಂದವಳದ್ದು ಬಾಬ್ ಕಟ್, ಜಡೆ ಹೆಣೆದು ಎಷ್ಟೋ ವರ್ಷವಾಗಿದೆ. ಬಾಚಣಿಗೆಯನ್ನು ನೆತ್ತಿಯಿಂದಲೇ ಎಳೆಯುತ್ತಾಳೆ. ಸಿಕ್ಕು ಬಿಡಿಸುವುದು ತುದಿಯಿಂದ ಶುರುವಾಗಿ ಮೇಲಕ್ಕೆ ಹೋಗಬೇಕು, ಬುಡವನ್ನು ಇನ್ನೊಂದು ಕೈಯಲ್ಲಿ ಬಿಗಿಹಿಡಿದಿರಬೇಕು, ಇಲ್ಲದಿದ್ದರೆ ಎಳೆತವೆಲ್ಲ ಬುಡಕ್ಕೆ ಬೀಳುತ್ತದೆ. ಅದು ಇವಳಿಗೆ ಮರೆತಿದೆ. ಬಾಚಣಿಗೆ ಅರ್ಧಕ್ಕೆ ನಿಲ್ಲುತ್ತದೆ, ಹುಡುಗಿಯ ತಲೆ ಹಿಂದಕ್ಕೆ ಜಗ್ಗುತ್ತದೆ, ಬಾಯಿಂದ ಚಕಾರವಿಲ್ಲ. ಬೈತಲೆ ಕಿವಿ ಕಡೆ ವಾಲಿದೆ. ಒಂದು ಜಡೆ ದಪ್ಪ, ಇನ್ನೊಂದು ಇಲಿಬಾಲ. ಹುಡುಗಿ ಕನ್ನಡಿ ನೋಡಿ ‘ಥ್ಯಾಂಕ್ಸ್ ಆಂಟಿ’ ಅನ್ನುತ್ತಾಳೆ. ಮುಂದಿನ ಶಾಟಿನಲ್ಲಿ ಆಟೋ, ಹುಡುಗಿ ಎರಡೂ ಜಡೆ ಬಿಚ್ಚಿ ತಾನೇ ಹೆಣೆದುಕೊಳ್ಳುತ್ತಿದ್ದಾಳೆ. ರಬ್ಬರ್ ಬ್ಯಾಂಡ್ ಹಲ್ಲಿನಲ್ಲಿ.

ಎರಡನೇ ಸಲ, ಇಂಟರ್ವಲ್‌ಗೆ ತುಸು ಮುಂಚೆ. ಇವಳು ಕಲಿತು ಬಂದಿದ್ದಾಳೆ. ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ, ತುದಿಗೆ ಮೊದಲು. ಚೂಪು ಬಾಲದ ಬಾಚಣಿಗೆಯಿಂದ ಹಣೆಯ ನಡುವಿನಿಂದ ಕತ್ತಿನವರೆಗೆ ಗೆರೆ ಹೊಡೆದಂತೆ ಬೈತಲೆ. ಅಚ್ಚುಕಟ್ಟಾದ ಎರಡು ಜಡೆ. ಹುಡುಗಿಯ ಮುಖ ಸಿಂಡರಿಸುತ್ತದೆ: ‘ಅಮ್ಮ ಕಿವಿ ಮೇಲಿಂದ ಶುರು ಮಾಡ್ತಾಳೆ.’ ಇಲ್ಲಿ ಬರಹಗಾರರು ಜಾರುವುದು ಹೆಚ್ಚು. ಇವಳ ಬಾಯಲ್ಲಿ ‘ನಾನು ನಿನ್ನ ಅಮ್ಮ ಆಗೋಕೆ ಬಂದಿಲ್ಲ’ ಎಂಬ ಭಾಷಣ ಬಂದುಬಿಡುತ್ತದೆ. ಆ ಮಾತು ಈ ಬಗೆಯ ಸಿನಿಮಾಗಳಲ್ಲಿ ಸವೆದು ಹೋಗಿದೆ. ಇವಳು ಬಾಚಣಿಗೆ ಅವಳ ಕೈಗಿತ್ತು, ‘ಹೇಗೆ, ತೋರ್ಸು’ ಅಂದರೆ ಸಾಕು. ಹುಡುಗಿ ಗುರುವಾಗುತ್ತಾಳೆ. ಶಾಲೆಯ ವ್ಯಾನು ತಪ್ಪಿಹೋಗುತ್ತದೆ.

ಮೂರನೇ ಸಲ, ಕೊನೆಯ ಅರ್ಧ ಗಂಟೆಯಲ್ಲಿ. ಹುಡುಗಿ ಹೋಂವರ್ಕ್ ಬರೆಯುತ್ತಲೇ ಬಂದು ಬೆನ್ನು ತಿರುಗಿಸಿ ಕೂರುತ್ತಾಳೆ. ತಿರುಗಿ ನೋಡದೆ ಭುಜದ ಮೇಲಿಂದ ಬಾಚಣಿಗೆ ಹಿಂದಕ್ಕೆ ಚಾಚುತ್ತಾಳೆ. ಮಾತೆಲ್ಲ ಗಣಿತದ ಮೇಷ್ಟ್ರ ಬಗ್ಗೆ. ಮೂರೂ ಸಲ ಅದೇ ಜಾಗ, ಅದೇ ಕ್ಯಾಮೆರಾ ಕೋನ. ಉದ್ದ ಮಾತ್ರ ಇಳಿಯುತ್ತಾ ಬರಲಿ: ತೊಂಬತ್ತು ಸೆಕೆಂಡು, ಅರವತ್ತು, ಇಪ್ಪತ್ತೈದು.

ಕಥೆ ಹಾಳಾಗುವ ಇನ್ನೆರಡು ಜಾಗ ಹೇಳಿಬಿಡಬೇಕು. ಒಂದು ಉಡುಗೊರೆ. ಸೈಕಲ್ ಕೊಡಿಸಿದ ಮೇಲೆ ಮಗು ಒಲಿಯಿತು ಅಂದರೆ ಅದು ವ್ಯಾಪಾರ. ಉಡುಗೊರೆ ಕೊಡಿಸಲೇಬೇಕಾದರೆ ತಪ್ಪು ಉಡುಗೊರೆ ಕೊಡಿಸಿ, ಎರಡು ವರ್ಷ ಚಿಕ್ಕ ಮಗುವಿಗೆ ಹೊಂದುವಂಥದ್ದು. ಇನ್ನೊಂದು ಹಾಡು: ಲಾಲ್‌ಬಾಗು, ಐಸ್‌ಕ್ರೀಮು, ಬಲೂನು, ನಾಲ್ಕೂವರೆ ನಿಮಿಷದಲ್ಲಿ ನಂಟು ತಯಾರು. ಸಿನಿಮಾ ಯಾವುದನ್ನು ತೋರಿಸಲು ಹೊರಟಿತ್ತೋ ಅದನ್ನೇ ಹಾಡು ನುಂಗಿಹಾಕುತ್ತದೆ. ಹಾಡು ಬೇಕೇ ಬೇಕಾದರೆ ನಂಟು ಮುರಿದ ಮೇಲೆ ಇಡಿ.

ಚಿತ್ರೀಕರಣದ ಲೆಕ್ಕ ಬರೆಯುವಾಗಲೇ ತಲೆಯಲ್ಲಿರಬೇಕು. 14 ವರ್ಷದೊಳಗಿನ ಬಾಲಕಲಾವಿದರಿಗೆ ಬಾಲಕಾರ್ಮಿಕ ಕಾಯ್ದೆಯ 2017ರ ತಿದ್ದುಪಡಿ ನಿಯಮಗಳು ಅನ್ವಯಿಸುತ್ತವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಐದು ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಇರಬೇಕು. ಓದು ತಪ್ಪದ ಹಾಗೆ ಏರ್ಪಾಡಿರಬೇಕು. ಸಂಭಾವನೆಯ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಆಗಬೇಕು, ಅದು ಕೈಗೆ ಸಿಗುವುದು ವಯಸ್ಕವಾದ ಮೇಲೆ.

ಐದು ಗಂಟೆಯಲ್ಲಿ ಮೇಕಪ್ಪು, ತಿಂಡಿ, ಮುನಿಸು ಎಲ್ಲ ಕಳೆದರೆ ಕ್ಯಾಮೆರಾ ಮುಂದೆ ಸಿಗುವುದು ಮೂರು ಗಂಟೆ ಇದ್ದೀತು. ಅದಕ್ಕೇ ಮಗುವಿನ ಕ್ಲೋಸಪ್ ಮೊದಲು, ದೊಡ್ಡವರದ್ದು ಆಮೇಲೆ. ಮಗು ಮನೆಗೆ ಹೋದ ಮೇಲೆ ದೊಡ್ಡ ನಟಿ ಒಂದು ಸ್ಟೂಲಿನ ಮೇಲೆ ಅಂಟಿಸಿದ ಟೇಪಿನ ಗುರುತಿಗೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಏಳು ವರ್ಷದ ಮಗುವಿನ ಎತ್ತರ ಸುಮಾರು ನಾಲ್ಕು ಅಡಿ. ಮಗುವಿನ ದೃಷ್ಟಿಯ ಸೀನುಗಳಿಗೆ ಲೆನ್ಸ್ ಮೂರೂವರೆ ಅಡಿಗಿಳಿಯಲಿ, ಬಂದವಳ ಮುಖಕ್ಕಿಂತ ಮೊದಲು ಅವಳ ಕೈಚೀಲ, ಬಳೆ, ಅಡುಗೆಕಟ್ಟೆಯ ಅಂಚು ಕಾಣಲಿ. ಕಥೆ ಮುಂದುವರಿದಂತೆ ದೊಡ್ಡವಳೇ ಮೊಣಕಾಲೂರಿ ಆ ಎತ್ತರಕ್ಕೆ ಬರುತ್ತಾಳೆ.

ಸಾಧ್ಯವಾದರೆ ಕಥೆಯ ಅನುಕ್ರಮದಲ್ಲೇ ಚಿತ್ರೀಕರಿಸಿ. ಮೊದಲ ದಿನ ಮಗುವಿಗೂ ನಟಿಗೂ ಇರುವ ನಿಜವಾದ ಮುಜುಗರವನ್ನು ಯಾವ ರಿಹರ್ಸಲ್ಲೂ ತರಲಾರದು. ಇಪ್ಪತ್ತನೇ ದಿನ ಅದು ತಾನಾಗಿಯೇ ಹೋಗಿರುತ್ತದೆ, ಬೇಕೆಂದರೂ ವಾಪಸ್ ಸಿಗದು. ಅಪ್ಪ ಅಮ್ಮನ ಜಗಳದ ಸೀನಿನ ಇಡೀ ಸ್ಕ್ರಿಪ್ಟನ್ನು ಮಗುವಿಗೆ ಓದಿ ಹೇಳುವ ಅಗತ್ಯವೂ ಇಲ್ಲ. ಪಕ್ಕದ ಕೋಣೆಯಲ್ಲಿ ಜೋರು ದನಿ ಕೇಳಿಸುತ್ತಿದೆ, ನೀನು ಪೆನ್ಸಿಲ್ ಚೂಪು ಮಾಡು, ಅಷ್ಟೇ. ಸೀಸ ಮುರಿದರೆ ಮತ್ತೆ ಚೂಪು ಮಾಡು. ಮಗು ಅಳುವ ಶಾಟಿಗಿಂತ ಇದು ಹತ್ತು ಪಾಲು ಕೆಲಸ ಮಾಡುತ್ತದೆ. ಅಳಿಸಲು ಚಿವುಟುವ, ಹೆದರಿಸುವ ಹಳೇ ಚಾಳಿಯಂತೂ ಸೆಟ್ಟಿನ ಹತ್ತಿರವೂ ಸುಳಿಯಕೂಡದು.

ದನಿ ಸ್ಥಳದಲ್ಲೇ ಹಿಡಿಯಿರಿ. ಮಗುವಿನ ಪಾತ್ರಕ್ಕೆ ದೊಡ್ಡ ಹೆಂಗಸರ ದನಿ ಕೂಡಿಸುವುದು ನಮ್ಮ ಹಳೆಯ ಅಭ್ಯಾಸ, ಹತ್ತು ಸೆಕೆಂಡಿನಲ್ಲಿ ಗೊತ್ತಾಗಿಬಿಡುತ್ತದೆ. ಆ ಮಗುವಿನಿಂದಲೇ ಆರು ತಿಂಗಳ ಮೇಲೆ ಡಬ್ಬಿಂಗ್ ಮಾಡಿಸಿದರೂ ಉಸಿರು ಬೇರೆಯಾಗಿರುತ್ತದೆ. ‘ಬನ್ನಿ’ ಮತ್ತು ‘ಬಾ’ ನಡುವಿನ ವ್ಯತ್ಯಾಸದ ಮೇಲೆ ನಿಂತ ಸಿನಿಮಾ ಸ್ಟುಡಿಯೋದ ದನಿಯನ್ನು ತಾಳಿಕೊಳ್ಳದು.

ಇನ್ನು ಹಲ್ಲು. ಪಾತ್ರಕ್ಕೆ ಆರೇಳು ವರ್ಷದ ಮಗುವನ್ನು ಆರಿಸಿದರೆ ಮುಂದಿನ ಹಾಲುಹಲ್ಲು ಯಾವಾಗ ಬೇಕಾದರೂ ಬೀಳುತ್ತದೆ. ಎರಡು ಶೆಡ್ಯೂಲ್ ನಡುವೆ ಒಂದೂವರೆ ತಿಂಗಳು ಬಿಟ್ಟರೆ ಮರಳಿ ಬರುವ ಮಗುವಿನ ಮುಖವೇ ಬದಲಾಗಿರುತ್ತದೆ, ‘ಸ’ಕಾರವೂ ಜಾರುತ್ತಿರುತ್ತದೆ. ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದಾಣಿಕೆ, ನೋಡುವವರು ಮೊದಲ ದಿನವೇ ಬಾಯಿ ತೆರೆಸಿ ಯಾವುದು ಅಲ್ಲಾಡುತ್ತಿದೆ ಅಂತ ಬರೆದಿಟ್ಟುಕೊಂಡರೆ ಆ ಹಲ್ಲು ಕಾಣುವ ಸೀನುಗಳನ್ನು ಮುಂಚೆಯೇ ಮುಗಿಸಬಹುದು. ಕೊನೆಯ ಸೀನಿಗೆ ಮಾತ್ರ ಬಿದ್ದರೆ ಬೀಳಲಿ. ‘ಸ್ಟೆಪ್‌ಮಾಮ್’ ಮುಗಿಯುವುದು ಕ್ರಿಸ್‌ಮಸ್ ದಿನದ ಒಂದು ಕುಟುಂಬದ ಫೋಟೋದಲ್ಲಿ. ತೆಗೆಯುವವಳು ಇಸಾಬೆಲ್, ಹಾಗಾಗಿ ಫೋಟೋದಲ್ಲಿ ಅವಳಿಲ್ಲ, ಜ್ಯಾಕಿಯೇ ಅವಳನ್ನು ಒಳಗೆ ಕರೆಯುತ್ತಾಳೆ. ನಮ್ಮ ಕಥೆಯಲ್ಲಿ ಆ ಕರೆ ಮಗುವಿನ ಬಾಯಿಂದ ಬರಬಹುದು. ಮೊಬೈಲನ್ನು ಡಬ್ಬಿಗೆ ಒರಗಿಸಿ ಹತ್ತು ಸೆಕೆಂಡಿನ ಟೈಮರ್ ಇಟ್ಟದ್ದಾಗಿದೆ, ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ, ಟೈಮರ್ ಮೂರಕ್ಕೆ ಬಂದಿದೆ, ಇವಳಿನ್ನೂ ಫೋನಿನ ಹತ್ತಿರವೇ ಇದ್ದಾಳೆ. ಮುಂದಿನ ಹಲ್ಲಿಲ್ಲದ ಬಾಯಿಂದ ಒಂದು ಕೂಗು: ‘ಬೇಗ ಬಾರೇ!’